ಹೆಜ್ಜೇನಿನ ಕಾಲದ ಮದುವೆ

ಆಗ ನಮ್ಮೂರಿಗೆ ಇದ್ದದ್ದು ಎರಡೇ ಕಾಲ. ಒಂದು ಗಲಾಟೆ ಕಾಲ, ಇನ್ನೊಂದು ಪಿಸುಮಾತಿನ ಕಾಲ. ಮಳೆಗಾಲ, ಚಳಿಗಾಲ, ಬೇಸಿಗೆಗಾಲ ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ನಾವು ಪರೀಕ್ಷೆಗೆ ಮಾತ್ರ ನಂಬುತ್ತಿದ್ದೆವು. ಮಾವು ಹೂ ಬಿಟ್ಟು, ತೋಪಿನ ಕಡೆಯಿಂದ ಬರುವ ಬೆಳಗಿನ ಗಾಳಿಗೆ ಮೂಗೆಲ್ಲ ಅಂಟಂಟಾಗುವ ದಿನಗಳಲ್ಲಿ, ಊರಬಾಗಿಲ ಗೋಣಿಮರದ ಹತ್ತಿರದಿಂದ ಯಾರೋ ಒಬ್ಬರು ಎದ್ದೆನೋ ಬಿದ್ದೆನೋ ಅಂತ ಓಡಿಬರುತ್ತಿದ್ದರು. ಓಡಿಬಂದ ರಭಸಕ್ಕೆ ಕಿರುಚಬೇಕಾಗಿತ್ತು. ಆದರೆ ಮೆತ್ತಗೆ ಹೇಳುತ್ತಿದ್ದರು:

"ಬಂದವ್ರೆ."

ಬಂದವರು ನೆಂಟರಲ್ಲ, ಹೆಜ್ಜೇನು. ಎಲ್ಲಿಂದಲೋ ಕರೀ ಮೋಡದ ಹಾಗೆ ಬಂದು, ಪ್ರತಿವರ್ಷ ಅದೇ ಮರದ ಅದೇ ಕೊಂಬೆಗಳಿಗೆ ಜೋತುಬೀಳುತ್ತಿದ್ದವು. ನಮ್ಮ ಕೆಂಚಾರ್ಲಹಳ್ಳಿ ಸುತ್ತಮುತ್ತ ಅಷ್ಟೊಂದು ಆಲದ ಮರ, ಅರಳಿ ಮರ, ಬಂಡೆ ಎಲ್ಲ ಇದ್ದರೂ ಅವಕ್ಕೆ ನಮ್ಮ ಗೋಣಿಮರವೇ ಆಗಬೇಕು. ವಾರ ಕಳೆಯುವಷ್ಟರಲ್ಲಿ ಮೊರದಷ್ಟಗಲದ ಗೂಡುಗಳು ಸಾಲಾಗಿ ನೇತಾಡುತ್ತಿದ್ದವು. ಆಮೇಲೆ ಹೊಂಗೆ ಹೂ ಉದುರಿ, ಮೊದಲ ಮಳೆ ಬಿದ್ದು, ಒಂದು ಬೆಳಿಗ್ಗೆ ನೋಡಿದರೆ ಹುಳುವಿಲ್ಲದ ಗೂಡಿನ ಮೇಣದ ಹಲ್ಲೆಗಳು ಮಾತ್ರ ಇರುತ್ತಿದ್ದವು. ಬರುವಾಗಲೂ ಹೇಳುತ್ತಿರಲಿಲ್ಲ, ಹೋಗುವಾಗಲೂ ಹೇಳುತ್ತಿರಲಿಲ್ಲ. ನಮ್ಮ ಚಿಕ್ಕಪ್ಪನೂ ಹಾಗೇ, ಆದರೆ ಅವನನ್ನು ಯಾರೂ ಅಷ್ಟು ಮರ್ಯಾದೆಯಿಂದ ನೋಡುತ್ತಿರಲಿಲ್ಲ.

ಮರ್ಯಾದೆ ಅಂದರೆ ಎಂಥದ್ದು ಅಂತೀರಿ! ಅವು ಇರುವಷ್ಟು ದಿನ ಊರು ದನಿ ತಗ್ಗಿಸಬೇಕು. ಶಾಲೆಯ ಗಂಟೆ ಬಂದ್. ನಮ್ಮಲ್ಲೇ ಒಬ್ಬ ಕ್ಲಾಸಿನಿಂದ ಕ್ಲಾಸಿಗೆ ಹೋಗಿ ಬಾಗಿಲಲ್ಲಿ ನಿಂತು ಕೈಯಾಡಿಸಿದರೆ ಅದೇ ಬೆಲ್ಲು. ಚಿಂತಾಮಣಿ ಬಸ್ಸಿನ ಡ್ರೈವರ್ ಹಾರನ್ ಒತ್ತುತ್ತಿರಲಿಲ್ಲ. ಕಂಡಕ್ಟರ್ ವಿಶಲ್ ಬಾಯಲ್ಲಿಟ್ಟುಕೊಂಡು, ಊದದೆ, ಬಸ್ಸಿನ ಮೈಯನ್ನು ಎಮ್ಮೆ ಬೆನ್ನು ಸವರಿದ ಹಾಗೆ ತಟ್ಟುತ್ತಿದ್ದ. ಆ ಕಡೆ ತರಗು ಸುಡುವಂತಿಲ್ಲ, ಬೀಡಿ ಹಚ್ಚುವಂತಿಲ್ಲ, ಸೆಂಟು ಹಾಕುವಂತಿಲ್ಲ. ಒಂದು ಸಲ ಊರಿಗೆ ಹೊಸಬನಾದ ಪಾತ್ರೆ ವ್ಯಾಪಾರಿಯೊಬ್ಬ ಮೈಗೆಲ್ಲ ಅತ್ತರು ಪೂಸಿಕೊಂಡು, ಸ್ಟೀಲ್ ತಟ್ಟೆ ಬಡಿಯುತ್ತಾ ಮರದ ಕೆಳಗೇ ಬಂದ. ಆಮೇಲೆ ಅವನು ಕುಂಟೆಯ ನೀರಿನಲ್ಲಿ ಮೂಗಿನವರೆಗೆ ಮುಳುಗಿ ಕೂತು ಸಾಯಂಕಾಲ ಎದ್ದ. ತಟ್ಟೆಗಳನ್ನು ಊರವರೇ ಆರಿಸಿ ಜೋಡಿಸಿಕೊಟ್ಟರು. ಅವನ ಮುಖ ಅವನಿಗೇ ಗುರುತು ಸಿಗದ ಹಾಗಿತ್ತು.

ಈ ಪಿಸುಮಾತಿನ ಕಾಲದಲ್ಲಿ ಎಲ್ಲರಿಗಿಂತ ಹೆಚ್ಚು ನರಳಿದವನು ನಾನು. ಊರಲ್ಲಿ ನನ್ನನ್ನು ಟೇಪು ಅಂತಲೇ ಕರೆಯುತ್ತಿದ್ದರು. ಯಾರ ದನಿ ಬೇಕಾದರೂ ಹಾಗೇ ವಾಪಸ್ ಕೊಡುತ್ತಿದ್ದೆ. ಮೇಷ್ಟ್ರ ಕೆಮ್ಮು, ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವನು, ಹಾಲಿಗೆ ನೀರು ಬೆರೆಸಿ ಆಣೆ ಹಾಕುವ ಪಕ್ಕದ ಮನೆಯಾಕೆ, ಎಲ್ಲ ಬರುತ್ತಿತ್ತು. ಓದಿನ ವಿಷಯ ಕೇಳಬೇಡಿ. ಮಗ್ಗಿ ಹೇಳು ಅಂದರೆ ಪಕ್ಕದವನ ದನಿಯಲ್ಲಿ ಹೇಳುತ್ತಿದ್ದೆ, ತಪ್ಪಿದರೆ ಏಟು ಅವನಿಗೆ ಬೀಳಲಿ ಅಂತ. ಎರಡೂ ಏಟು ನನಗೇ ಬೀಳುತ್ತಿದ್ದವು. ಅಂಥವನ ಬಾಯಿಗೆ ವರ್ಷವರ್ಷವೂ ಬೀಗ. ಕಬಡ್ಡಿಯನ್ನೂ ಪಿಸುಗುಟ್ಟಿಕೊಂಡೇ ಆಡಬೇಕು. ಎದುರಿನವನು "ನೀನು ಉಸಿರು ಬಿಟ್ಟೆ" ಅಂದರೆ, ಬಿಟ್ಟಿಲ್ಲ ಅಂತ ಜಗಳ ಆಡುವುದೂ ಪಿಸುಗುಟ್ಟಿಕೊಂಡೇ. ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಿಂದು "ಸ್ಸ್" ಅಂದರೂ ಅಜ್ಜಿ ಕಣ್ಣು ಬಿಡುತ್ತಿದ್ದಳು. "ನೋರು ಮುಯ್ರಾ, ಅವ್ರು ಮಲಗವ್ರೆ" ಅನ್ನುತ್ತಿದ್ದಳು. ಬಾಯಿ ಮುಚ್ಚೋ ಅಂತ ಬೈಯುವುದಕ್ಕೆ ಮಾತ್ರ ಅವಳಿಗೆ ತೆಲುಗೇ ಬೇಕು.

ಅದೇ ಕಾಲದಲ್ಲಿ ಊರಲ್ಲಿ ಮದುವೆ ಇಟ್ಟುಕೊಳ್ಳುತ್ತಿರಲಿಲ್ಲ. ಊರಬಾಗಿಲಲ್ಲಿ ವಾಲಗ ಇಲ್ಲದೆ ಮದುವೆ ಹೇಗೆ? ಜೇನು ಎದ್ದ ಮೇಲೆಯೇ ಲಗ್ನ. ಆದರೆ ನಮ್ಮ ಸುನಂದತ್ತೆ, ಅಂದರೆ ಅಪ್ಪನ ಕೊನೇ ತಂಗಿಯ ವಿಷಯದಲ್ಲಿ ಅದು ನಡೆಯಲಿಲ್ಲ. ಗಂಡಿನ ಕಡೆಯವರು ಮಂಚೇನಹಳ್ಳಿಯವರು. ಅವರ ಪುರೋಹಿತರು ಕೊಟ್ಟದ್ದು ಒಂದೇ ದಿನ. ಅದು ತಪ್ಪಿದರೆ ಆಷಾಢ, ಆಮೇಲೆ ನೋಡೋಣ ಅಂದರು. "ನೋಡೋಣ" ಅನ್ನುವ ಮಾತಿಗೆ ತಾತ ಬೆವರಿಬಿಟ್ಟರು. ಯಾಕೆಂದರೆ ಹಿಂದಿನ ಸಂಬಂಧವೊಂದು, ನಿಶ್ಚಿತಾರ್ಥದ ಲಾಡು ಚಿಕ್ಕದಾಯಿತು ಅನ್ನುವ ಮಾತಿಗೆ ಶುರುವಾಗಿ ಮುರಿದುಬಿದ್ದಿತ್ತು. ಹಾಗಾಗಿ ತಾತ ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಒಂದು ಮಳೆ ಬೀಳುತ್ತೆ, ಅವು ಎದ್ದು ಹೋಗುತ್ತವೆ ಅಂತ ಅವರ ಲೆಕ್ಕ.

ಆ ವರ್ಷ ಮಳೆ ಬರಲಿಲ್ಲ. ಹೊಂಗೆ ಹೂವೆಲ್ಲ ಉದುರಿ ದಾರಿ ತುಂಬ ಅರಳು ಚೆಲ್ಲಿದ ಹಾಗಿತ್ತು, ಕಾಲಿಟ್ಟರೆ ಒಗರು ವಾಸನೆ. ತಾತ ದಿನಾ ಬೆಳಿಗ್ಗೆ ಮರದ ಕೆಳಗೆ ಹೋಗಿ ಕತ್ತೆತ್ತಿ ನೋಡಿ, ಬಂದು ಜಗಲಿ ಮೇಲೆ ಕೂರುತ್ತಿದ್ದರು. ಅಜ್ಜಿ ಹುಬ್ಬೇರಿಸಿ ಕೇಳುತ್ತಿದ್ದಳು. ತಾತ ತಲೆ ಅಡ್ಡಡ್ಡ ಆಡಿಸುತ್ತಿದ್ದರು. ನಾನು ಹಿಂದೆ ನಿಂತು ಇಬ್ಬರನ್ನೂ ಮಾಡಿ ತೋರಿಸುತ್ತಿದ್ದೆ, ಸದ್ದಿಲ್ಲದೆ.

ಮದುವೆ ಹತ್ತಿರ ಬಂತು. ಚಪ್ಪರದ ಗಳು ಬಂತು. ಚಿಕ್ಕಪ್ಪ ತಾಳ್ಮೆಗೆಟ್ಟ. "ಜೇನು ಕೀಳೋರನ್ನ ಕರ್ಕೊಂಬರ್ತೀನಿ ಅಣ್ಣ. ಒಂದಿಷ್ಟು ಹೊಗೆ ಹಾಕಿದ್ರೆ ಎಲ್ಲಾ ಕ್ಲೀನು. ಬೀಗರ ಮುಂದೆ ಮಾನ ಕಳ್ಕೊಳೋಕಿಂತ ಅದೇ ವಾಸಿ."

ಅಪ್ಪ ತಾತನ ಮುಖ ನೋಡಿದರು. ತಾತ ಬೇಡ ಅನ್ನಲಿಲ್ಲ. ಬೇಡ ಅನ್ನದೆ ಟವೆಲಿನ ತುದಿ ತಿರುಚುತ್ತಾ ಕೂತರು. ಅದು ಹೂಂ ಅಂದ ಹಾಗೇ.

ಸುನಂದತ್ತೆ ಒಳಗೆ ಹಪ್ಪಳ ಲಟ್ಟಿಸುತ್ತಿದ್ದಳು. ಲಟ್ಟಣಿಗೆ ಕೈಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದಳು.

"ಅಪ್ಪಾ, ನಾನು ಹುಟ್ಟಿದಾಗಿಂದ ಅವು ಬಂದಾಗೆಲ್ಲ ದನಿ ತಗ್ಗಿಸ್ಕೊಂಡು ಬದುಕಿದೀನಿ. ಒಂದು ದಿನ ಆ ಹುಡುಗನ ಅಪ್ಪಾನೂ ತಗ್ಗಿಸ್ಲಿ. ಆಗಲ್ಲ ಅಂದ್ರೆ, ಅಂಥಾ ಮನೇಲಿ ನನ್ ಮಾತು ಯಾರು ಕೇಳ್ತಾರೆ?"

"ಸುಮ್ನಿರಮ್ಮ ನೀನು..."

"ಹೊಗೆ ಹಾಕ್ಸಿದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ."

ಇಷ್ಟನ್ನೂ ಅವಳು ಸಣ್ಣ ದನಿಯಲ್ಲೇ ಹೇಳಿದಳು. ಚಿಕ್ಕಪ್ಪ ಎದ್ದು ಆಚೆ ಹೋದ. ಹೊಗೆಯ ಮಾತು ಅಲ್ಲಿಗೆ ನಿಂತಿತು. ತಾತನ ಭಯ ಮಾತ್ರ ನಿಲ್ಲಲಿಲ್ಲ.

ದಿಬ್ಬಣ ಬಂದದ್ದು ಇಳಿಹೊತ್ತಿನಲ್ಲಿ. ತಾತ ದಾರಿಯಲ್ಲಿ ದೂರಕ್ಕೇ ಹೋಗಿ ಕೆಂಪು ಟವೆಲು ಬೀಸಿ ಬಸ್ಸು ನಿಲ್ಲಿಸಿದರು, ಹಾರನ್ ಹೊಡೆದುಬಿಟ್ಟಾರು ಅಂತ. ಅಲ್ಲಿಂದ ಎಲ್ಲರನ್ನೂ ನಡೆಸಿಕೊಂಡು ಗೋಣಿಮರದ ಕಟ್ಟೆಗೆ ಬಂದರು. ನಮ್ಮೂರಿನ ಪದ್ಧತಿ ಅದು. ಮದುಮಗ ಯಾವನೇ ಆಗಲಿ, ಆ ಕಟ್ಟೆ ಮೇಲೆ ಕೂರಬೇಕು, ಕಾಲು ತೊಳೆಸಿಕೊಳ್ಳಬೇಕು, ಪಾನಕ ಕುಡಿಯಬೇಕು. ಆಮೇಲೆ ವಾಲಗದ ಜೊತೆ ಊರೊಳಕ್ಕೆ. ಆ ದಿನ ಮೇಲೆ ಹೆಜ್ಜೇನು, ಕೆಳಗೆ ಬೀಗರು. ವಾಲಗದವರು ನಾದಸ್ವರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಡೋಲನ್ನು ಮಗುವಿನ ಹಾಗೆ ತೊಡೆ ಮೇಲೆ ಮಲಗಿಸಿಕೊಂಡು, ಸುಮ್ಮನೆ ಕೂತಿದ್ದರು.

ಗಂಡಿನ ಅಪ್ಪ ಜೀವಮಾನವೆಲ್ಲ ಹಿಟ್ಟಿನ ಗಿರಣಿ ನಡೆಸಿದವರು. ಮಿಷನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಅವರಿಗೆ ಇದ್ದದ್ದು ಒಂದೇ ದನಿ.

"ಏನ್ ಸ್ವಾಮಿ ಇದು! ವಾಲಗ ಎಲ್ಲಿ?"

ತಾತ ಕೈಮುಗಿದು ಮೇಲೆ ತೋರಿಸಿದರು. "ಮನೆ ಹತ್ರ ಬೇಕಾದಷ್ಟು ಊದಿಸ್ತೀನಿ ಬೀಗರೇ. ಇಲ್ಲಿ ಮಾತ್ರ..."

"ಇಲ್ಲಿ ಮಾತ್ರ ಅಂದ್ರೆ? ಊರಬಾಗ್ಲಲ್ಲಿ ಸದ್ದಿಲ್ದೆ ನನ್ ಮಗನ್ನ ಕರ್ಕೊಂಡು ಹೋಗ್ತೀರಾ? ಸತ್ತೋರಿಗೂ ತಮಟೆ ಹೊಡೀತಾರಲ್ಲರೀ! ಏಯ್, ನಡೀರೋ ಎಲ್ರೂ, ಬಸ್ ಹತ್ತಿ—"

ಆಗ ಮೇಲೆ ಏನೋ ಆಯಿತು. ಗೂಡಿನ ಮೇಲೆ ಕವಿದಿದ್ದ ಹುಳುಗಳೆಲ್ಲ ಒಟ್ಟಿಗೆ ಮೈ ಕೊಡವಿದವು. ಗಾಳಿಗೆ ರಾಗಿ ಪೈರು ಬಾಗಿ ಏಳುವ ಹಾಗೆ ಒಂದು ಅಲೆ ಈ ತುದಿಯಿಂದ ಆ ತುದಿಗೆ ಹೊಳೆಯುತ್ತಾ ಓಡಿತು. ಹಿಂದೆಯೇ ಇನ್ನೊಂದು ಅಲೆ. "ಸ್ಸರ್ರ್" ಅಂತ ಸಣ್ಣ ಸದ್ದು. ನಮಗೆ ಗೊತ್ತಿತ್ತು, ಅದು ಮೊದಲ ಎಚ್ಚರಿಕೆ. ಗಂಡಿನ ಕಡೆ ಯಜಮಾನರಿಗೂ ಯಾರೂ ಹೇಳಿಕೊಡಬೇಕಾಗಲಿಲ್ಲ. ಕತ್ತೆತ್ತಿ ನೋಡಿದವರು ಮಾತಿನ ಉಳಿದರ್ಧವನ್ನು ಗುಬ್ಬಿಯ ದನಿಯಲ್ಲಿ ಮುಗಿಸಿದರು: "...ಬಿಡೋಣ."

ನಾನು ತಾತನ ಪಕ್ಕದಲ್ಲೇ ಪಾನಕದ ಚೊಂಬು ಹಿಡಿದು ನಿಂತಿದ್ದೆ. ತಾತ ಮುಗಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಅದನ್ನು ನೋಡಿ ನನಗೇನಾಯಿತೋ, ಇವತ್ತಿಗೂ ಸರಿಯಾಗಿ ಹೇಳಲಾರೆ. ಧೈರ್ಯ ಅಂತೂ ಅಲ್ಲ. ಬಾಯಿ ತಾನಾಗಿಯೇ ಶುರುವಾಯಿತು. "ಪೀ... ಪೆಪ್ಪೆಪ್ಪೀ..." ಅಂತ ಮೂಗಿನಲ್ಲಿ, ಮಗು ಮಲಗಿಸುವಷ್ಟು ಮೆತ್ತಗೆ ನಾದಸ್ವರ. ಜೊತೆಗೆ ನಾಲಿಗೆಯಲ್ಲಿ ಡೋಲು. ಕೆನ್ನೆ ಉಬ್ಬಿಸಿ, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು, ಊದುವವರ ಮುಖ ಹೇಗಿರುತ್ತೋ ಹಾಗೇ.

ಅಪ್ಪ ನನ್ನ ಕಿವಿ ಹಿಡಿಯಲು ಬಂದರು. ಅಷ್ಟರಲ್ಲಿ ನಾದಸ್ವರದ ಮುದುಕ ಗಂಭೀರವಾಗಿ ಎದ್ದು ನಿಂತ. ಬಟ್ಟೆ ಬಿಚ್ಚಿ ವಾದ್ಯ ತೆಗೆದ. ತುಟಿಗಿಟ್ಟ. ಉಸಿರು ಮಾತ್ರ ಬಿಡಲಿಲ್ಲ. ನಾನು ಊದಿದ್ದಕ್ಕೆ ಅವನ ಬೆರಳುಗಳು ಓಡಿದವು. ತಪ್ಪು ಸ್ವರ ಬಂದಾಗ ಕಣ್ಣಲ್ಲೇ ಗದರಿಸಿದ ಕೂಡ! ಡೋಲಿನವನು ಡೋಲು ಬಿಟ್ಟು ತನ್ನ ತೊಡೆ ತಟ್ಟಿದ.

ಮೊದಲು ನಕ್ಕವನು ಮದುಮಗ. ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಶ್ರೀನಿವಾಸ ಮಾವ ಬಾಯಿಗೆ ಕರ್ಚೀಫು ಒತ್ತಿಕೊಂಡು, ಭುಜ ಕುಣಿಸಿಕೊಂಡು ನಗುತ್ತಾ, ಚಪ್ಪಲಿ ಬಿಟ್ಟು ಹೋಗಿ ಕಟ್ಟೆ ಮೇಲೆ ಕೂತೇಬಿಟ್ಟ. ಕಾಲು ಮುಂದಕ್ಕೆ ಚಾಚಿದ.

"ಲೇ, ಏಳೋ," ಅಂದರು ಯಜಮಾನರು, ಪಿಸುಗುಟ್ಟುತ್ತಾ.

"ಅಪ್ಪಾ, ನೀವು ಇಷ್ಟು ಚೆನ್ನಾಗಿ ಮಾತಾಡಿದ್ದು ನಾನು ಕೇಳೇ ಇರ್ಲಿಲ್ಲ. ಕೂತ್ಕೊಳಿ," ಅಂದ ಮಾವ, ಅವನೂ ಪಿಸುಗುಟ್ಟುತ್ತಾ.

ಗಂಡಿನ ಕಡೆ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡರು. ಯಜಮಾನರು ಒಂದು ಗಳಿಗೆ ಮಗನನ್ನು ನೋಡಿದರು, ಇನ್ನೊಂದು ಗಳಿಗೆ ಮರ ನೋಡಿದರು. ಆಮೇಲೆ ನನ್ನ ಕೈಯಿಂದ ಚೊಂಬು ಕಿತ್ತುಕೊಂಡು ಗಟಗಟ ಪಾನಕ ಕುಡಿದು, ಮೀಸೆ ಒರೆಸಿಕೊಂಡರು. ನನ್ನ ಕಿವಿಗೆ ಬಗ್ಗಿ, "ಬೆಲ್ಲ ಕಮ್ಮಿ ಆಗೈತೆ. ವಾಲಗ ಪರ್ವಾಗಿಲ್ಲ" ಅಂದರು. ತಾತ ಕೈ ಕೆಳಗಿಳಿಸಿದ್ದು ಆಗಲೇ.

ಅಷ್ಟೊಂದು ಜನ, ಒಂದು ಮಗುವೂ ಅಳದೆ, ಬಳೆ ಸದ್ದು, ರೇಷ್ಮೆ ಸೀರೆ ಸದ್ದು, ನನ್ನ ಮೂಗಿನ ಸದ್ದು, ಇಷ್ಟನ್ನೇ ಇಟ್ಟುಕೊಂಡು ಊರೊಳಕ್ಕೆ ನಡೆದುಬಂದೆವು. ಮನೆ ಹತ್ತಿರ ಬಂದಾಗ ಕಿಟಕಿಯಲ್ಲಿ ನಿಂತಿದ್ದ ಅತ್ತೆ ನೋಡಿದಳು. ನೋಡಿದ್ದು ಯಜಮಾನರನ್ನಲ್ಲ, ತುದಿಗಾಲಿನಲ್ಲಿ ನಡೆದುಬರುತ್ತಿದ್ದ ಮಾವನನ್ನು. ಮಾರನೇ ದಿನ, ಗೋಣಿಮರದಿಂದ ದೂರ ಊರಿನ ಇನ್ನೊಂದು ತುದಿಯಲ್ಲಿದ್ದ ನಮ್ಮ ಮನೆ ಮುಂದೆ ಗಟ್ಟಿಮೇಳ ಮೊಳಗಿತು, ಕೊರಳಿಗೆ ತಾಳಿ ಬಿತ್ತು. ಅತ್ತೆ ಮಂಚೇನಹಳ್ಳಿಗೆ ಹೋದಳು. ಅವಳು ಹೋದ ವಾರದಲ್ಲೇ ಮಳೆ ಬಿದ್ದು ಅವೂ ಹೋದವು. ಅಜ್ಜಿ ಖಾಲಿ ಹಲ್ಲೆಗಳನ್ನು ನೋಡಿಕೊಂಡು ಬಂದು, ಒಲೆ ಮುಂದೆ ಕೂತು ಬಹಳ ಹೊತ್ತು ಯಾರನ್ನೂ ಬೈಯಲಿಲ್ಲ.

ಅತ್ತೆಯ ಮಗಳು ಈಗ ಗೌರಿಬಿದನೂರಿನಲ್ಲಿ ಬಿಎಸ್ಸಿ ಓದುತ್ತಾಳೆ. ಅವಳೇ ಹೇಳಿದ್ದು. ರಾಣಿ ಹುಳುವೇನೋ ವರ್ಷಗಟ್ಟಲೆ ಬದುಕುತ್ತಂತೆ, ಆದರೆ ಜೊತೆಗಿರುವ ಸಾವಿರಾರು ಹುಳುಗಳ ಆಯಸ್ಸು ಕೆಲವೇ ವಾರ. ಅಂದರೆ ರಾಣಿಯನ್ನು ಬಿಟ್ಟರೆ, ನಮ್ಮ ಮರದಿಂದ ಎದ್ದು ಹೋದವು ಯಾವುವೂ ವಾಪಸ್ ಬರುತ್ತಿರಲಿಲ್ಲ. ಬರುತ್ತಿದ್ದವು ಬೇರೆಯವು. ಆದರೂ ಮರ ಅದೇ, ಕೊಂಬೆ ಅದೇ. "ಹೆಂಗೆ ಗೊತ್ತಾಗುತ್ತೆ ಅವಕ್ಕೆ?" ಅಂದೆ. "ಪೂರ್ತಿ ಯಾರಿಗೂ ಗೊತ್ತಿಲ್ಲ ಭಾವ," ಅಂದಳು. ಪರೀಕ್ಷೆಯಲ್ಲಿ ನಾನು ಅದನ್ನೇ ಬರೆದಾಗ ಸೊನ್ನೆ ಕೊಟ್ಟಿದ್ದರು.

ರಸ್ತೆ ಅಗಲ ಮಾಡುವಾಗ ಗೋಣಿಮರ ಹೋಯಿತು. ಮಳೆಗಾಲದಲ್ಲಿ ಕಡಿದರು, ಅವು ಇಲ್ಲದ ಹೊತ್ತಿನಲ್ಲಿ. ಈಗ ಬಸ್ಸು ನಿಲ್ಲದೆ ಹಾರನ್ ಹೊಡೆದುಕೊಂಡೇ ಹೋಗುತ್ತೆ. ಮದುವೆಗಳು ಛತ್ರದಲ್ಲಿ, ಡಿಜೆ ಇಟ್ಟುಕೊಂಡು, ಯಾವ ತಿಂಗಳಲ್ಲಿ ಬೇಕಾದರೂ ಆಗುತ್ತವೆ. ನಾನೇ ಮೈಕು ಹಿಡಿದು ಎಲ್ಲರ ದನಿ ಮಾಡಿ ನಗಿಸುತ್ತೇನೆ, ಯಾರೂ ಬಾಯಿ ಮುಚ್ಚು ಅನ್ನುವುದಿಲ್ಲ. ಒಂದಿಡೀ ಊರು ಯಾರಿಗೋಸ್ಕರವೋ ಒಟ್ಟಿಗೆ ದನಿ ತಗ್ಗಿಸುವುದು ಅಂದರೆ ಏನು ಅಂತ ಈಗಿನ ಹುಡುಗರಿಗೆ ಎಷ್ಟು ಚೆನ್ನಾಗಿ ನಟಿಸಿದರೂ ತೋರಿಸಲಿಕ್ಕಾಗಿಲ್ಲ.

ಮರ ಕಡಿದ ಮರುವರ್ಷ, ಮಾವಿನ ಹೂವಿನ ಹೊತ್ತಿಗೆ, ಅವು ಬಂದವು. ನಾನು ಅಲ್ಲೇ ಇದ್ದೆ. ಮೊದಲು ಕೊಂಬೆ ಇದ್ದಷ್ಟೇ ಎತ್ತರದಲ್ಲಿ, ಬರೀ ಗಾಳಿಯಲ್ಲಿ, ದೊಡ್ಡ ಸುತ್ತು ಸುತ್ತಿದವು. ಇಳಿದವು, ಮತ್ತೆ ಏರಿದವು. ಹೊತ್ತು ಮುಳುಗುವ ಮೊದಲು ಬೆಟ್ಟದ ಕಡೆ ಹೋದವು.

ಸಾಯಂಕಾಲ ಅತ್ತೆ ಫೋನ್ ಮಾಡಿದಳು. ಅವಳಿಗೆ ಹೇಗೆ ತಿಳಿಯಿತೋ.

"ಬಂದಿದ್ವಂತೆ?"

"ಹೂಂ ಅತ್ತೆ."

"ಎಲ್ಲಿ ಕೂತ್ವೋ?"

"ಎಲ್ಲೂ ಕೂರ್ಲಿಲ್ಲ."

ಅವಳ ಕಡೆ ಟೀವಿ ಜೋರಾಗಿತ್ತು. "ರೀ, ಸ್ವಲ್ಪ ತಗ್ಗಿಸ್ರೀ," ಅಂದಳು. ಮಾವ ಯಾಕೆ ಅಂತ ಕೇಳಲಿಲ್ಲ, ತಗ್ಗಿಸಿದ.