ಪೋರ್ಷನ್‌ನಲ್ಲಿಲ್ಲದ ಪಾಠ

ಆ ವರ್ಷ ಒಂಬತ್ತನೇ ತರಗತಿಯ ವಿಜ್ಞಾನದ ಹೊಸ ಪುಸ್ತಕ ಕೈಗೆ ಬಂದಾಗ ಮೊದಲು ಪರಿವಿಡಿ ನೋಡಿದೆ. ಜೀವಿಗಳ ವೈವಿಧ್ಯದ ಅಧ್ಯಾಯ ಕಾಣಲಿಲ್ಲ. ಹಾಳೆ ಅಂಟಿಕೊಂಡಿರಬೇಕೆಂದು ಬೆರಳು ಒದ್ದೆ ಮಾಡಿಕೊಂಡು ಮತ್ತೆ ತಿರುವಿದೆ. ಇರಲೇ ಇಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿದರೆ ಸಹೋದ್ಯೋಗಿಯೊಬ್ಬರು, "ಮಕ್ಕಳಿಗೆ ಹೊರೆ ಜಾಸ್ತಿ ಆಯ್ತು ಅಂತ ತೆಗೆದಿದಾರೆ. ನಿಮಗೂ ಅಷ್ಟು ಪೀರಿಯಡ್ ಉಳೀತಲ್ಲ, ಬಿಡಿ" ಎಂದು ನಕ್ಕರು.

ನಾನು ಬಿಡಲಿಲ್ಲ.

ಬಸವೇಶ್ವರನಗರದ ಒಂದು ಖಾಸಗಿ ಶಾಲೆಯಲ್ಲಿ, ಉಳಿದಿದ್ದ ಕನ್ನಡ ಮಾಧ್ಯಮದ ಸೆಕ್ಷನ್‌ಗಳಿಗೆ ನಾನು ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಹುಟ್ಟಿ ಬೆಳೆದದ್ದು ಕುರುಬರಹಳ್ಳಿಯ ವಠಾರದಲ್ಲಿ. ಅಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುತ್ತಿದ್ದರು. "ಇವಳಿಗೆ ಟೈಪಿಂಗ್ ಕಲಿಸಿ, ಸಾಕು" ಎಂದು ಬಂದವರೆಲ್ಲ ಅಪ್ಪನಿಗೆ ಹೇಳಿ ಹೋಗುತ್ತಿದ್ದ ಕಾಲದಲ್ಲಿ ನಾನು ಈ ಪಾಠ ಓದಿದ್ದೆ. ತಿಮಿಂಗಿಲ ನೀರಿನಲ್ಲಿದ್ದರೂ ಮೀನಲ್ಲ, ಬಾವಲಿ ಹಾರಿದರೂ ಹಕ್ಕಿಯಲ್ಲ. ಎಲ್ಲಿ ವಾಸ, ಮೇಲ್ನೋಟಕ್ಕೆ ಹೇಗೆ ಎಂಬುದನ್ನು ನೋಡಿ ಯಾರ ಲೆಕ್ಕವನ್ನೂ ಮುಗಿಸಬಾರದು ಎಂದು ನನಗೆ ಮೊದಲು ಹೇಳಿದ್ದು ಆ ಅಧ್ಯಾಯ. ಅದನ್ನು ಹೊರೆ ಅಂದರೆ ಒಪ್ಪುವುದು ಹೇಗೆ?

ಜುಲೈನಲ್ಲಿ ಒಂದು ಬೆಳಿಗ್ಗೆ ಮಕ್ಕಳನ್ನು ಶಾಲೆಯ ಪಕ್ಕದ ಖಾಲಿ ಸೈಟಿಗೆ ಕರೆದುಕೊಂಡು ಹೋದೆ. ಮಳೆ ಬಿದ್ದು ಎಕ್ಕ, ಹರಳು ಗಿಡ, ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿದ್ದವು. ಒಂದು ಇಟ್ಟಿಗೆ ಎತ್ತಿದರೆ ಅಡಿಯಲ್ಲಿ ಎರೆಹುಳು, ಪಕ್ಕದಲ್ಲೇ ಮುಟ್ಟಿದೊಡನೆ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡ ಸಹಸ್ರಪದಿ.

"ಎರಡೂ ಹುಳಾನೇ ಅಲ್ವಾ ಮಿಸ್?" ಎಂದಳು ಮುಂದೆ ನಿಂತಿದ್ದ ಹುಡುಗಿ.

"ಹತ್ರ ಹೋಗಿ ನೋಡು. ಕಾಲಿದೆಯಾ?"

ಅವಳು ಮಂಡಿಯೂರಿ ಕುಳಿತು ತುಂಬ ಹೊತ್ತು ನೋಡಿದಳು. "ಇದಕ್ಕಿದೆ, ಮಡಚ್ತಾ ಇದೆ. ಅದಕ್ಕಿಲ್ಲ. ಮಿಸ್, ಹಂಗಾದ್ರೆ ಇದು ಜಿರಲೆ ಕಡೆಯವ್ರದ್ದು!" ಎಂದು ಕಿರುಚಿದಳು. ಸಂಧಿಪದಿ, ಅಂದರೆ ಕೀಲುಗಾಲಿನ ವಂಶ, ಎಂದು ಪುಸ್ತಕದ ಭಾಷೆಯಲ್ಲಿ ಹೇಳುವ ಮೊದಲೇ ಅವಳು ಅದನ್ನು ಕಂಡುಕೊಂಡಿದ್ದಳು.

ಮರುದಿನ ಬೋರ್ಡಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬರೆದೆ: ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ. ಜಾತಿ ಎಂದದ್ದೇ ಇಡೀ ಕ್ಲಾಸು ಕಿಸಕ್ಕೆಂದಿತು. ಅದೇ ಹುಡುಗಿ ಎದ್ದು ನಿಂತಳು.

"ಮನುಷ್ಯರಿಗೂ ಇದೆಯಾ ಮಿಸ್ ಇದು?"

"ಇದೆ. ಬರ್ಕೊ. ಜಾತಿ ಹೋಮೋ, ಪ್ರಭೇದ ಸೇಪಿಯನ್ಸ್."

"ಎಲ್ರಿಗೂ ಒಂದೇನಾ?"

"ಎಲ್ರಿಗೂ ಒಂದೇ."

"ಮತ್ತೆ ಅಡ್ಮಿಷನ್ ಫಾರ್ಮಲ್ಲಿ ಬರೆಸ್ತಾರಲ್ಲ, ಅದು?"

ಈಗ ಯಾರೂ ನಗಲಿಲ್ಲ. "ಎರಡೂ ಮನುಷ್ಯರೇ ಮಾಡ್ಕೊಂಡಿರೋ ಪಟ್ಟಿ ಕಣೇ" ಎಂದೆ. "ಆದ್ರೆ ಇದ್ರಲ್ಲಿ ತಪ್ಪಿದೆ ಅಂತ ಗೊತ್ತಾದ್ರೆ ಅಳಿಸಿ ಬರೀತಾರೆ. ಅಣಬೇನ ಎಷ್ಟೋ ವರ್ಷ ಗಿಡ ಅಂತಿದ್ರು. ಅಲ್ಲ ಅಂತ ಗೊತ್ತಾಯ್ತು, ತೆಗೆದು ಬೇರೆ ಸಾಮ್ರಾಜ್ಯಾನೇ ಕೊಟ್ರು."

ಎರಡು ದಿನ ಬಿಟ್ಟು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಕರೆ ಬಂತು. ಆ ಹುಡುಗಿಯ ತಂದೆ ಕುಳಿತಿದ್ದರು. ವಿಜಯನಗರದಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ.

"ಮೇಡಂ, ನನ್ ಮಗಳು ಮನೇಲಿ ನಮ್ಮಮ್ಮನ ಹತ್ರ ನಮ್ದೂ ಅವ್ರದ್ದೂ ಎಲ್ರದ್ದೂ ಒಂದೇ ಜಾತಿ ಅಂತ ವಾದ ಮಾಡ್ತಾಳೆ. ಎಕ್ಸಾಮ್‌ಗೆ ಬರದೇ ಇರೋದನ್ನ ಯಾಕ್ ಹೇಳ್ಕೊಡ್ತೀರಿ?"

"ಸಾರ್, ನೀವು ಅಂಗಡೀಲಿ ಮೊಳೆ, ಸ್ಕ್ರೂ, ಬೋಲ್ಟು ಎಲ್ಲಾ ಒಂದೇ ಡಬ್ಬಕ್ಕೆ ಸುರೀತೀರಾ?"

"ಅದು ಹೆಂಗಾಗತ್ತೆ?"

"ಬಣ್ಣ ಒಂದೇ ಅಂತ ಮೊಳೆ ಮತ್ತೆ ಸ್ಕ್ರೂ ಒಟ್ಟಿಗೆ ಇಡಲ್ಲ, ಮೈಮೇಲೆ ತಿರುಪಿನ ಮರೆ ಇದೆಯಾ ಅಂತ ನೋಡ್ತೀರಿ. ನಾನು ಕಲ್ಸಿದ್ದೂ ಅಷ್ಟೇ. ಹಂಗ್ ನೋಡಿದ್ರೆ ಮನುಷ್ಯರೆಲ್ಲಾ ಒಂದೇ ಡಬ್ಬಕ್ಕೆ ಬರ್ತಾರೆ."

ಅವರಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಮುಖ ಕೆಂಪೇರಿತು. ಅವರು ಹೋದ ಮೇಲೆ ಮುಖ್ಯೋಪಾಧ್ಯಾಯಿನಿ ಒಂದು ಬಿಳಿ ಹಾಳೆ ನನ್ನತ್ತ ತಳ್ಳಿದರು. "ತಪ್ಪಾಯ್ತು, ಇನ್ಮೇಲೆ ಪೋರ್ಷನ್ ಬಿಟ್ಟು ಪಾಠ ಮಾಡಲ್ಲ ಅಂತ ಎರಡು ಸಾಲು ಬರ್ಕೊಡಿ. ಫೈಲಿಗೆ ಹಾಕಿ ಮುಗಿಸ್ತೀನಿ." ಅವರು ಕೆಟ್ಟವರಲ್ಲ. ದನಿಯಲ್ಲಿ ಬೇಡಿಕೊಳ್ಳುವ ಧಾಟಿಯೇ ಇತ್ತು.

ನಾನು ಪೆನ್ನು ತೆಗೆದು ಬರೆದೆ: "ಈ ಪಾಠ ಮಾಡಿದ್ದೇನೆ. ಮುಂದಿನ ವರ್ಷವೂ ಮಾಡುತ್ತೇನೆ." ಕೆಳಗೆ ಸಹಿ ಹಾಕಿದೆ. ಸಹಿ ಸೊಟ್ಟಗಾಯಿತು. ಆದರೂ ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ವಾರದಲ್ಲಿ ಒಂಬತ್ತನೇ ತರಗತಿಯನ್ನು ನನ್ನಿಂದ ಕಿತ್ತು ಐದನೇ ತರಗತಿ ಕೊಟ್ಟರು. ದಸರಾ ರಜೆ ಮುಗಿಯುವಷ್ಟರಲ್ಲಿ ಆ ಹುಡುಗಿಯನ್ನು ಅವರಪ್ಪ ಬೇರೆ ಶಾಲೆಗೆ ಸೇರಿಸಿದರು. ತರಗತಿ ಹೋದದ್ದಕ್ಕೆ ನಾನು ಅಳಲಿಲ್ಲ. ಅವಳು ಹೋದ ದಿನ ಮಾತ್ರ ಬಸ್ಸಿನಲ್ಲಿ ಕಣ್ಣು ತುಂಬಿ ಬಂತು. ಆ ಸಂಕಟ ಈಗಲೂ ಇದೆ. ಆದರೆ ಅವಳು ಕೇಳಿದ ಪ್ರಶ್ನೆಗೆ ಬೇರೆ ಉತ್ತರ ಕೊಡಬೇಕಿತ್ತು ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಉಳಿದ ಮಕ್ಕಳಲ್ಲಿ ಐದಾರು ಜನ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರ ನಮ್ಮ ಮನೆಗೆ ಬಂದರು. "ಮಿಸ್, ಪಾಠ ಅರ್ಧಕ್ಕೇ ನಿಂತೋಯ್ತಲ್ಲ." ಟೆರೇಸಿನ ಮೇಲೆ ಚಾಪೆ ಹಾಸಿದೆ. ಅಂದಿನಿಂದ ಅದು ನಡೆಯುತ್ತಲೇ ಇದೆ, ಪರೀಕ್ಷೆ ಇಲ್ಲ, ಫೀಸಿಲ್ಲ. ಕೆಲವರು ಮನೆಯಲ್ಲಿ ಹೇಳಿಯೇ ಬರುತ್ತಾರೆ, ಕೆಲವರ ಮನೆಯಲ್ಲಿ ಗೊತ್ತಿದ್ದೂ ಸುಮ್ಮನಿದ್ದಾರೆ.

ಈ ಜೂನ್‌ನಲ್ಲಿ ಮುಖ್ಯೋಪಾಧ್ಯಾಯಿನಿ ಮತ್ತೆ ಕೇಳಿದರು: "ಈಗ್ಲಾದ್ರೂ ಬರ್ಕೊಡ್ತೀರಾ? ಒಂಬತ್ತನೇ ಕ್ಲಾಸ್ ವಾಪಸ್ ಕೊಡ್ತೀನಿ."

"ಕ್ಲಾಸ್ ಕೊಡಿ ಮೇಡಂ, ತಗೋತೀನಿ. ಬರ್ಕೊಡೋದು ಮಾತ್ರ ಆಗಲ್ಲ."

ಅವರು ಕೊಡಲಿಲ್ಲ. ನಾನು ಐದನೇ ತರಗತಿಯ ಮಕ್ಕಳನ್ನೇ ಖಾಲಿ ಸೈಟಿಗೆ ಕರೆದುಕೊಂಡು ಹೋಗುತ್ತೇನೆ.

ಮೊನ್ನೆ ಶನಿವಾರ ಒಬ್ಬಳು ಅವಳಮ್ಮನ ಮಸಾಲೆ ಡಬ್ಬಿಯಿಂದ ಕಲ್ಲುಹೂವು ತಂದಿದ್ದಳು. ಅದು ಹೂವಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ ಎಂದೆ. ಹಾಗಾದರೆ ಅದನ್ನು ಯಾವ ಸಾಮ್ರಾಜ್ಯಕ್ಕೆ ಹಾಕೋದು ಎಂದು ಜಗಳ ಶುರುವಾಯಿತು. ಊಟದ ಹೊತ್ತು ಮೀರಿದರೂ ಒಬ್ಬರೂ ಚಾಪೆ ಬಿಟ್ಟು ಏಳಲಿಲ್ಲ.