ಕಡಲಿಗೆ ಹೋದ ನಂಬರು

ನಸುಕಿನಲ್ಲಿ ಪಯೋಮಕ್ಕ ದೋಣಿಯ ಇಂಜಿನ್ ನಿಲ್ಲಿಸುತ್ತಾಳೆ. ಏರುವ ಕಡಲ ನೀರು ಕಾಲುವೆಯೊಳಕ್ಕೆ ಹೊಕ್ಕು ದೋಣಿಯನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಆಕೆ ಹುಟ್ಟನ್ನು ನೀರಿಗೆ ತಾಗಿಸಿರುತ್ತಾಳೆ ಅಷ್ಟೆ. ಮರೆತ ಮುಖಗಳು ನೆನಪಿಗೆ ಬರುವ ಹಾಗೆ ಮನೆಗಳು ಮಂಜಿನಲ್ಲಿ ಒಂದೊಂದಾಗಿ ಕಾಣಿಸಿಕೊಂಡು ಮತ್ತೆ ಮಂಜಿನೊಳಕ್ಕೇ ಹೋಗುತ್ತವೆ. ಎಲ್ಲೋ ತೆಂಗಿನ ಬೆಲ್ಲ ಕಾಯಿಸುವ ಹೊಗೆ, ಎಲ್ಲೋ ಬಂಗುಡೆ ಹುರಿಯುವ ವಾಸನೆ. ದೋಣಿಯ ನಡುವೆ ನೀಲಿ ಟಾರ್ಪಾಲಿನಡಿ ಪೆಟ್ಟಿಗೆಗಳು ಮಲಗಿವೆ.

"ಇಂಜಿನ್ ಹಾಕಿದ್ರೆ ಬೇಗ ಮುಗೀತಿತ್ತಲ್ಲಮ್ಮ" ಎನ್ನುತ್ತೇನೆ.

"ಮಲಗಿರೋರು ಮಲಗಿರಲಿ ತಾತ. ಪಾರ್ಸೆಲ್ಲಿಗೇನು ಹಸಿವಾ?"

ಬೈಕಿನ ಹುಡುಗರು ಪೆಟ್ಟಿಗೆಗಳನ್ನು ಸೇತುವೆಯ ತನಕ ತಂದು ಇಳಿಸಿ ಹೋಗುತ್ತಾರೆ. ಅಲ್ಲಿಂದಾಚೆ ನೀರು, ಹಲಗೆ, ಕೆಸರು. ಪಯೋಮಕ್ಕನ ಗಂಡ ಇದ್ದಾಗ ಇದೇ ದೋಣಿಯಲ್ಲಿ ತೆಂಗಿನಕಾಯಿ ಸಾಗಿಸುತ್ತಿದ್ದ. ಅವನು ಹೋದ ಮೇಲೆ ಪಾರ್ಸೆಲ್ ಕಂಪನಿಯವರು ದೋಣಿಯನ್ನು ಕೇಳಿಕೊಂಡು ಬಂದರು. "ದೋಣಿ ಮಾತ್ರ ಬರಲ್ಲ, ನಾನೂ ಬರ್ತೀನಿ" ಎಂದಳಂತೆ. ಇಳಿತದ ದಿನಗಳಲ್ಲಿ ಸೊಂಟದ ತನಕ ಕೆಸರಿಗಿಳಿದು ದೋಣಿ ತಳ್ಳುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ದೋಣಿ ಖಾಲಿಯಾಗಿದ್ದರೆ ಅದು ಒಳ್ಳೆಯ ದಿನ. ಬೆನ್ನು ಮಾತ್ರ ಸಂಜೆಗೆ ತನ್ನ ಮಾತು ಕೇಳುವುದಿಲ್ಲ ಎನ್ನುತ್ತಾಳೆ.

ಇದನ್ನು ಬರೆಯುತ್ತೇನೆಂದಾಗ ಅವಳು ಹಾಕಿದ ಷರತ್ತು ಒಂದೇ. "ಬರೀರಿ ತಾತ. ಕಾಲುವೆ ಹೆಸರು ಬರೀಬೇಡಿ, ಬಂದರಿನ ಹೆಸರಂತೂ ಬೇಡವೇ ಬೇಡ. ನನ್ನ ಹೆಸರು ಬೇಕಾದ್ರೆ ಹಾಕಿ. ಪಯೋಮ್ ಅನ್ನೋರು ಕಾಲುವೆಗೊಬ್ಬರು ಸಿಗ್ತಾರೆ." ಹಾಗಾಗಿ ದಿಕ್ಕುಗಳನ್ನೂ ಒಂದಿಷ್ಟು ತಿರುವಿ ಹಾಕಿದ್ದೇನೆ.

ಹಿಂದೆ ಮನೆ ಬಿಟ್ಟವರು ಬಿಟ್ಟಂತೆಯೇ. ನನ್ನ ಅಕ್ಕ ಮದುವೆಯಾಗಿ ಇನ್ನೊಂದು ನದಿಗೆ ಹೋದಾಗ, ಅವಳು ಬದುಕಿದ್ದಾಳೆಂದು ನಮಗೆ ತಿಳಿದದ್ದು ಉಪ್ಪಿನ ದೋಣಿಯವನೊಬ್ಬ ಬಂದು ಹೇಳಿದ ಮೇಲೆ. ಈಗ ಹಾಗಲ್ಲ. ಮನೆ ಬದಲಿಸಿದವರು ಗಂಟು ಬಿಚ್ಚುವ ಮೊದಲೇ ಅವರ ಹೆಸರಿನ ಕಾಗದ ಬಂದು ಕಾಯುತ್ತಿರುತ್ತದೆ.

ಮಠದ ಮೆಟ್ಟಿಲಿಗೆ ದೋಣಿ ತಾಗುತ್ತದೆ. ಗುರುಗಳ ಹೆಸರಿಗೊಂದು ಸಣ್ಣ ಪೆಟ್ಟಿಗೆ ಇದೆ. ಭಿಕ್ಷುಗಳು ಹೆಣ್ಣಿನ ಕೈಯಿಂದ ನೇರವಾಗಿ ಈಸಿಕೊಳ್ಳುವಂತಿಲ್ಲ, ಅವರು ಹಾಸಿದ ಬಟ್ಟೆಯ ಮೇಲೆ ಆಕೆ ಅದನ್ನು ಇಡುತ್ತಾಳೆ. ಒಳಗಿರುವುದು ತಲೆಗೆ ಹಚ್ಚುವ ಶಾಂಪೂ. ಸನ್ಯಾಸಕ್ಕೆ ಮುಂಚೆ ಪಟ್ಟಣದ ಯಾವುದೋ ಅಂಗಡಿಯಲ್ಲಿ ತಮ್ಮ ಫೋನ್ ನಂಬರು ಕೊಟ್ಟಿದ್ದರಂತೆ. ಅಂದಿನಿಂದ ಪ್ರತಿ ಹುಟ್ಟುಹಬ್ಬಕ್ಕೂ ತಪ್ಪದೆ ಉಡುಗೊರೆ.

"ತಲೆ ಬೋಳಿಸಿ ಎಷ್ಟೋ ವರ್ಷ ಆಯ್ತು ತಾಯಿ. ಹೆಸರು ಬಿಟ್ಟೆ, ಮನೆ ಬಿಟ್ಟೆ. ಇವರಿಗೆ ಮಾತ್ರ ಇನ್ನೂ ನನ್ನ ಕೂದಲಿನ ಚಿಂತೆ."

"ಸ್ವಲ್ಪ ಈ ಕಡೆ ನೋಡಿ ಗುರುಗಳೇ, ಫೋಟೋ ತೆಗೀಬೇಕು. ಇಲ್ಲಾಂದ್ರೆ ಕಂಪನಿ ಒಪ್ಪಲ್ಲ."

ಗುರುಗಳು ಶಾಂಪೂ ಮುಂದಿಟ್ಟುಕೊಂಡು ಗಂಭೀರವಾಗಿ ಕೂರುತ್ತಾರೆ.

ದೋಣಿ ಮತ್ತೆ ನೀರಿನ ಜೊತೆ ಸಾಗುವಾಗ ಪಯೋಮಕ್ಕ ತನಗೆ ತಿಳಿದಷ್ಟನ್ನು ಬಿಡಿಸಿ ಹೇಳುತ್ತಾಳೆ. "ಹೊಸ ಮನೆಗೆ ಹೋದೋರು ಮೊದಲು ಏನು ತರಿಸ್ತಾರೆ? ಫ್ಯಾನು, ಸೊಳ್ಳೆ ಪರದೆ, ಒಲೆ. ನಂಬರ್ ಕೊಡ್ತಾರೆ, ಮನೆ ಎಲ್ಲಿ ಅಂತ ಹೇಳ್ತಾರೆ. ಫ್ಯಾನಿನೋರು ಒಲೆಯೋರಿಗೆ ಹೇಳ್ತಾರೆ, ಒಲೆಯೋರು ವಿಮೆಯೋರಿಗೆ. ಹೆಸರು ಯಾರಿಗೆ ಬೇಕು ತಾತ? ಅವರಿಗೆ ನಂಬರೇ ಹೆಸರು." ನಮ್ಮ ಜನ ಅದೃಷ್ಟ ತಿರುಗಲಿ ಎಂದು ಕಚೇರಿಗೆ ಹೋಗಿ ಹೆಸರನ್ನೇ ಬದಲಿಸಿಕೊಂಡು ಬರುತ್ತಾರೆ. ಆದರೆ ಒಳ್ಳೆಯ ಅಂಕಿ ಕೂಡಿದ ಫೋನ್ ನಂಬರು ಸಿಕ್ಕಿತೋ, ಸತ್ತರೂ ಬಿಡುವುದಿಲ್ಲ.

ಪಿಕುನಳ ಕತೆಯೂ ಹೀಗೇ ಶುರುವಾದದ್ದು. ಪಿಕುನ್ ಅವಳ ನಿಜವಾದ ಹೆಸರಲ್ಲ; ಅವಳ ಅಂಗಳದಲ್ಲಿ ರಂಜದ ಮರ ಇದೆ, ನಮ್ಮಲ್ಲಿ ಅದನ್ನು ಪಿಕುನ್ ಎನ್ನುತ್ತೇವೆ, ಅದನ್ನೇ ಇಟ್ಟಿದ್ದೇನೆ. ಹೊಡೆಯುವ ಗಂಡನನ್ನು ಬಿಟ್ಟು ಈ ಕಾಲುವೆಗೆ ಬಂದವಳು. ಬಂದ ವಾರದಲ್ಲೇ ಹೆಸರು ಬದಲಿಸಿಕೊಂಡಳು. ನಂಬರು ಮಾತ್ರ ಹಳೆಯದೇ; ಅದನ್ನು ಕೊಟ್ಟೇ ಸೊಳ್ಳೆ ಪರದೆ ತರಿಸಿದಳು. ಬೆಲ್ಲದ ಒಲೆಯ ಮುಂದೆ ಕೂತು ಕೆಲಸ ಕಲಿತಳು.

ಒಂದು ಬೆಳಗ್ಗೆ ಅವಳ ಮನೆಗೊಂದು ಪೆಟ್ಟಿಗೆ ಬಂತು. ಅದರ ಮೇಲಿದ್ದದ್ದು ಕಾಲುವೆಯಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು. ಪಯೋಮಕ್ಕ ವಿಳಾಸದ ಚೀಟಿಯ ಅಂಚನ್ನು ಉಗುರಿನಿಂದ ಎತ್ತಿ ನೋಡಿದಳು. ಅಡಿಯಲ್ಲಿ ಇನ್ನೊಂದು ಚೀಟಿ, ದೂರದ ಊರಿನ ವಿಳಾಸ. ಗ್ರಾಹಕರು ಎಲ್ಲಿಗೆ ಹೋದರೂ ಹಿಂದೆಯೇ ಹೋಗಿ ಮುಟ್ಟಿಸುತ್ತೇವೆ ಎಂದು ಕಂಪನಿ ಹೇಳಿಕೊಳ್ಳುತ್ತದಲ್ಲ, ಇದು ಅದೇ. ಯಂತ್ರವೇ ನಂಬರು ನೋಡಿ, ಇವಳು ಈಗ ಅಲ್ಲಿಲ್ಲ ಎಂದುಕೊಂಡು, ಹೊಸ ಚೀಟಿ ಅಂಟಿಸಿ ಕಳಿಸಿದೆ.

ಅಂದು ಒಲೆಯ ಮುಂದೆ ನಡೆದ ಮಾತನ್ನು ಪಯೋಮಕ್ಕ ಇದ್ದ ಹಾಗೇ ಹೇಳುತ್ತಾಳೆ.

"ಇದು ನಿನ್ನ ಹೆಸರಾ?"

ಪಿಕುನಳ ಕೈಯಲ್ಲಿದ್ದ ಸೌಟು ನಿಂತಿತು. "ಹಳೇದು."

"ಕೆಳಗಿನ ವಿಳಾಸ?"

"ನನ್ನ ಗಂಡನ ಮನೇದು. ಕಳಿಸಿದೋನೂ ಅವನೇ. ತನ್ನ ಮನೆಗೆ ತಾನೇ ಯಾಕೆ ಕಳಿಸ್ತಾನಕ್ಕ?"

"ಪೆಟ್ಟಿಗೆ ಮುಟ್ಟಲಿ ಅಂತ ಅಲ್ಲ, ಅದು ಎಲ್ಲಿಗೆ ಹೋಗುತ್ತೆ ನೋಡೋಣ ಅಂತ. ನಮ್ಮ ಜಿಲ್ಲೆವರೆಗೂ ಬಂದಿದೆ ಅಂತ ಅವನ ಫೋನಿಗೆ ಗೊತ್ತಾಗಿರುತ್ತೆ. ಇನ್ನು ನಾನು ಫೋಟೋ ತೆಗೆದು ಒತ್ತಿದ್ರೆ ನಿನ್ನ ಮೆಟ್ಟಿಲೂ ಗೊತ್ತಾಗುತ್ತೆ, ನಿನ್ನ ಮುಖಾನೂ ಗೊತ್ತಾಗುತ್ತೆ."

ಪಾಕ ತಳ ಹಿಡಿಯುವ ವಾಸನೆ ಬಂದ ಮೇಲೆಯೇ ಇಬ್ಬರೂ ಅಲುಗಾಡಿದ್ದು. ಪಿಕುನ್ ಒಲೆಯಿಂದ ಬಾಣಲೆ ಇಳಿಸಿ, "ಒತ್ತಬೇಡಕ್ಕ" ಎಂದಳು. ಪಯೋಮಕ್ಕ ಒತ್ತಲಿಲ್ಲ. "ಇಂಥವರು ಇಲ್ಲ" ಎಂದು ಬರೆದು ಪೆಟ್ಟಿಗೆಯನ್ನು ಬಿಚ್ಚದೆ ವಾಪಸು ಕಳಿಸಿದಳು. ಪಟ್ಟಣದಿಂದ ಮೇಲ್ವಿಚಾರಕ ಫೋನ್ ಮಾಡಿ ಕೂಗಾಡಿದ.

"ನಂಬರ್ ಅಲ್ಲೇ ಇದೆ ಅಂತ ತೋರಿಸ್ತಿದೆಯಲ್ಲ ರೀ."

"ನಂಬರ್ ಇರಬಹುದು ಸಾರ್. ಮನುಷ್ಯರು ಇಲ್ಲ."

ಇನ್ನೊಮ್ಮೆ ಹೀಗಾದರೆ ಕಾಲುವೆಯನ್ನು ಬೇರೆಯವರಿಗೆ ಕೊಡುತ್ತೇವೆ ಎಂದ. ಆಗಲಿ ಸಾರ್ ಎಂದಳು. ಅವನಿಗೆ ಇನ್ನೊಂದು ದೋಣಿ ಇನ್ನೂ ಸಿಕ್ಕಿಲ್ಲ.

ಆದರೆ ನಂಬರು ಪಿಕುನಳ ಕೈಯಲ್ಲಿರುವ ತನಕ ಪೆಟ್ಟಿಗೆಗಳು ಬರುತ್ತಲೇ ಇರುತ್ತಿದ್ದವು. ಬಿಸಾಕು ಎಂದರೆ ಅವಳು ಅತ್ತಳು. ಅಮ್ಮ ಬೆಳ್ಳಿ ಬಳೆ ಕೊಟ್ಟು ಮಗಳಿಗೆ ತಂದ ಅದೃಷ್ಟದ ನಂಬರು ಅದು. ಅಮ್ಮ ಇರುವುದು ನಾಡಿನ ಈಶಾನ್ಯದ ದೂರದ ಹಳ್ಳಿಯಲ್ಲಿ, ಕಣ್ಣು ಮಂಜು. ಅವಳಿಗೆ ಗೊತ್ತಿರುವುದು ಫೋನಿನ ಒಂದೇ ಗುಂಡಿ. ಅದನ್ನು ಒತ್ತಿ ಹಿಡಿದರೆ ಮಗಳು ಮಾತಾಡುತ್ತಾಳೆ. ಹೊಸ ನಂಬರು ಹಾಕಿಸೋಣವೆಂದರೆ, ಪಿಕುನಳನ್ನು ಹುಡುಕಿಕೊಂಡು ಬಂದ ಅಳಿಯ ಆ ಮನೆಯ ಜಗುಲಿಯಲ್ಲೇ ಕೂತಿರುತ್ತಾನೆ, ಆ ಫೋನನ್ನು ತಿರುವಿ ತಿರುವಿ ನೋಡುತ್ತಾನೆ.

ಪಯೋಮಕ್ಕನಿಗೆ ಒಬ್ಬ ತಮ್ಮನಿದ್ದಾನೆ, ಕ್ಲೋಮ್. ನಮ್ಮ ಮಾತಿನಲ್ಲಿ ಕ್ಲೋಮ್ ಎಂದರೆ ದುಂಡಗೆ, ಹೆಸರಿನಂತೆಯೇ ಇದ್ದಾನೆ. ಮೀನು ಹಿಡಿಯುವ ದೊಡ್ಡ ದೋಣಿಯಲ್ಲಿ ಅಡುಗೆಯವನು.

"ಒಳ್ಳೇ ನಂಬರ್ ಇದೆ, ಬೇಕೇನೋ?" ಎಂದು ಅಕ್ಕ ಕೇಳಿದಳು.

ಅವನು ಅಂಕಿಗಳನ್ನು ಬೆರಳಲ್ಲಿ ಕೂಡಿಸಿ, "ಅಬ್ಬಾ, ಇದನ್ನ ಯಾರಕ್ಕ ಬಿಡ್ತಾರೆ?" ಎಂದ.

ಬಿಸಾಕುವುದಲ್ಲವಲ್ಲ ಎಂದು ಪಿಕುನ್ ಒಪ್ಪಿ ಸಿಮ್ ಕೊಟ್ಟಳು. ನಂಬರು ಕಡಲಿಗೆ ಹೋಯಿತು. ಬಹಳ ದೂರದ ಬಂದರಿನಲ್ಲಿ ಕ್ಲೋಮ್ ಆ ನಂಬರು ಕೊಟ್ಟು ಒಂದು ಬಾಣಲೆ ತರಿಸಿಕೊಂಡ. ಯಂತ್ರ ತಕ್ಷಣ ನಂಬಿತು. ಈಗ ಆ ನಂಬರಿಗೆ ಆ ಬಂದರಿನ ಬಾಡಿಗೆ ಕೋಣೆಗಳ ಜಾಹೀರಾತು ಬರುತ್ತದೆ, ಮಳೆಗಾಲಕ್ಕೆ ಕೊಡೆ ಕೊಳ್ಳಿ ಎಂಬ ಸಲಹೆ ಬರುತ್ತದೆ, ತುಟಿಗೆ ಹಚ್ಚುವ ಬಣ್ಣವೂ ಒಮ್ಮೆ ಬಂತು. ದೋಣಿಯವರು ಅದನ್ನು ದೋಣಿಯ ಮೂತಿಯಲ್ಲಿರುವ ದೇವಿಗೆ ಅರ್ಪಿಸಿದರಂತೆ. ಆ ನಂಬರು ದೋಣಿ ಹತ್ತಿದ ಮೇಲೆ ಬಲೆಗೆ ಮೀನು ಹೆಚ್ಚು ಬೀಳುತ್ತಿದೆ ಎಂದು ಅವರ ನಂಬಿಕೆ.

ಪಿಕುನಳ ಗಂಡ ಕಳಿಸಿದ ಎರಡನೆಯ ಪೆಟ್ಟಿಗೆ ಆ ಬಂದರಿಗೇ ಹೋಯಿತು. ಕ್ಲೋಮ್ ಬಿಚ್ಚಿದ. ಒಳಗೆ ಹೆಂಗಸಿನ ಒಂದೇ ಒಂದು ಹಳೆಯ ಚಪ್ಪಲಿ. ಓಡಿಬಂದ ದಿನ ಪಿಕುನಳ ಎಡಗಾಲಿನಿಂದ ಕಳಚಿ ಉಳಿದದ್ದು. ಮುಟ್ಟಿತು ಎಂದು ಕ್ಲೋಮ್ ತನ್ನ ದುಂಡು ಮುಖದ ಫೋಟೋ ಕೊಟ್ಟ. ಅದಾದ ಮೇಲೆ ಪೆಟ್ಟಿಗೆ ಬಂದಿಲ್ಲ.

ಪಿಕುನಳ ಅಮ್ಮ ಮೊದಲ ಸಲ ಫೋನ್ ಮಾಡಿದಾಗ ಕ್ಲೋಮ್ ಈರುಳ್ಳಿ ಹೆಚ್ಚುತ್ತಿದ್ದನಂತೆ.

"ಮಗಳೇ, ಇದ್ಯಾಕೆ ಗಂಡಸಿನ ಗಂಟಲು?"

ಅತ್ತ ಅಳಿಯ ಕೆಮ್ಮಿದ್ದು ಇವನಿಗೆ ಕೇಳಿಸಿತು. ಕ್ಲೋಮ್ ಮೆಲ್ಲಗೆ, "ನಿಮ್ಮ ಮಗಳು ಚೆನ್ನಾಗಿದ್ದಾಳಮ್ಮ. ಊಟ ಮಾಡ್ತಿದ್ದಾಳೆ" ಎಂದ.

ಮುದುಕಿ ಜಗುಲಿಗೆಲ್ಲ ಕೇಳುವಂತೆ, "ಶೀತ ಆಗಿದೆಯಾ? ಶುಂಠಿ ಕುದಿಸಿ ಕುಡಿ ಮಗಳೇ" ಎಂದಳು.

ಅಂದಿನಿಂದ ಅವಳು ಹಬ್ಬ ಹುಣ್ಣಿಮೆಗೆಲ್ಲ ಫೋನ್ ಮಾಡುತ್ತಾಳೆ. ಕ್ಲೋಮ್ ಶುಂಠಿ ಕುಡಿದೆ ಎನ್ನುತ್ತಾನೆ. ಅವಳು ಹೇಳಿದ್ದನ್ನು ಅಕ್ಕನಿಗೆ ಹೇಳುತ್ತಾನೆ, ಅಕ್ಕ ದೋಣಿಯಲ್ಲಿ ಒಯ್ದು ಬೆಲ್ಲದ ಒಲೆಯ ಮುಂದೆ ಇಳಿಸುತ್ತಾಳೆ. ಇಂದೂ ಇಳಿಸಿದಳು: "ನಿಮ್ಮಮ್ಮ ಹುಣಸೆ ಚಿಗುರಿನ ಸಾರು ಮಾಡಿದ್ರಂತೆ. ಹುಳಿ ಜಾಸ್ತಿ ಆಯ್ತಂತೆ." ಪಿಕುನ್ ಒಂದು ಚಮಚ ಬಿಸಿ ಬೆಲ್ಲವನ್ನು ಬಾಳೆಲೆಯಲ್ಲಿಟ್ಟು ಕೊಟ್ಟಳು.

ಬಿಸಿಲೇರಿ ಮಂಜು ಕರಗಿದೆ. ಟಾರ್ಪಾಲಿನಡಿ ಏನೂ ಉಳಿದಿಲ್ಲ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪಯೋಮಕ್ಕ ಓಲೆ ಟೋಪಿ ತೆಗೆದು ಗಾಳಿ ಬೀಸಿಕೊಳ್ಳುತ್ತಾಳೆ.

"ಒಂದು ಬಾಕಿ ಇದೆ ತಾತ. ಪಿಕುನ್ ಗಂಡ ಆ ಜಗುಲಿಯಿಂದ ಎದ್ದು ಹೋದ ದಿನ ಕ್ಲೋಮ್ ಹೋಗಿ ಆ ಅಮ್ಮನ್ನ ಸೇತುವೆವರೆಗೆ ಕರೆದುಕೊಂಡು ಬರ್ತಾನೆ. ಅಲ್ಲಿಂದ ನಾನು ಮಗಳ ಮೆಟ್ಟಿಲಿಗೆ ಮುಟ್ಟಿಸ್ತೀನಿ."

ಇಂಜಿನ್ ಹಗ್ಗಕ್ಕೆ ಕೈಹಾಕಿ ಮತ್ತೆ ನಿಲ್ಲುತ್ತಾಳೆ.

"ಅದಕ್ಕೆ ಮಾತ್ರ ಫೋಟೋ ತೆಗೆಯಲ್ಲ."