ಬೆಂಕಿ ಎಸೆಯುವವಳಿಗೆ ಒಂದು ಕೋಟು

ಒಣಗಿದ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಒಳಗೇ ಗಡಗಡ ಎನ್ನುತ್ತದೆ. ಅರಸೀಕೆರೆಯಲ್ಲಿ ನಮ್ಮ ಪಕ್ಕದ ಕೊಬ್ಬರಿ ಮಂಡಿಯವರು ಕಾಯಿ ಅಲ್ಲಾಡಿಸಿ ನೋಡುವ ಆ ಸದ್ದು ಬೆಳಗಿನಿಂದಲೇ ಶುರುವಾಗುತ್ತಿತ್ತು. ಅಂಥದೊಂದು ಬೆಳಗ್ಗೆ ಮಂಡಿಯವರ ಮಗಳು ಸ್ಕೆಚ್‌ಬುಕ್ ಹಿಡಿದು, ನಾನು ಬ್ಲೌಸು ಹೊಲಿಯುವ ವೆರಾಂಡಕ್ಕೆ ಬಂದಳು.

ಡಿಸೈನ್ ಕಾಲೇಜಿನ ಇಂಟರ್‌ವ್ಯೂಗೆ ಅವಳು ಒಂದು ಕಲ್ಪಿತ ಪಾತ್ರಕ್ಕೆ ಉಡುಪು ಮಾಡಿ ತೊಟ್ಟು ತೋರಿಸಬೇಕಿತ್ತು. ಸೀಟು ಸಿಗದಿದ್ದರೆ ಹಾಸನದಲ್ಲಿ ಬಿ.ಕಾಂ. ಎಂದು ಅವಳಪ್ಪ ಹೇಳಿಯಾಗಿತ್ತು. ಅವಳು ಆರಿಸಿಕೊಂಡದ್ದು ಅಂಗೈಯಿಂದ ಬೆಂಕಿ ಎಸೆಯುವ ಒಬ್ಬಳು ಮಾಂತ್ರಿಕೆಯನ್ನು. ಚಿತ್ರದಲ್ಲಿ ಅಂಗಿಯ ತೋಳುಗಳು ಮೊಣಕಾಲಿನವರೆಗೆ ಇಳಿಬಿದ್ದಿದ್ದವು.

“ಒಗ್ಗರಣೆ ಹಾಕೋವಾಗ್ಲೇ ನಾವು ಸೆರಗು ಸಿಕ್ಕಿಸ್ಕೋತೀವಿ ಕಣೇ. ಇವಳು ಮೊದಲನೇ ಮಂತ್ರಕ್ಕೇ ಸುಟ್ಟುಹೋಗ್ತಾಳೆ,” ಎಂದೆ.

“ಹಂಗಾದ್ರೆ ನೀವೇ ಹೇಳಿ ಅಜ್ಜಿ, ಏನು ಹಾಕ್ಕೋಬೇಕು ಅವಳು?”

ಯಾರಾದರೂ ನನ್ನನ್ನು ಅಷ್ಟು ಸೀರಿಯಸ್ಸಾಗಿ ಏನನ್ನಾದರೂ ಕೇಳಿ ವರ್ಷಗಳಾಗಿದ್ದವು. ಕಾನ್ವೆಂಟಿನಲ್ಲಿ ಸಿಸ್ಟರ್ ನೀಡಲ್‌ವರ್ಕ್ ಜೊತೆಗೆ ಕಲಿಸಿದ್ದ ಬಟ್ಟೆಗಳ ಪಾಠ ನೆನಪಿಗೆ ಬಂತು. ಪಾಲಿಯೆಸ್ಟರ್ ಕರಗಿ ಮೈಗಂಟುತ್ತದೆ. ಉಣ್ಣೆಗೆ ಬೇಗ ಬೆಂಕಿ ಹತ್ತುವುದಿಲ್ಲ. ಎರಡು ಕರಿಕಂಬಳಿ ತರಿಸಿದೆವು. ಒಂದನ್ನು ಕತ್ತರಿಸಿ, ಮಷೀನಿನ ಮೂರು ಸೂಜಿ ಮುರಿದು, ವಾರದಲ್ಲಿ ಕೋಟು ಮುಗಿಸಿದೆ. ಪರ್ಫೆಕ್ಟ್ ಫಿಟ್ಟಿಂಗ್ ಎಂದು ನನಗೆ ನಾನೇ ಹೇಳಿಕೊಂಡೆ.

ಇಂಟರ್‌ವ್ಯೂಗೆ ಎರಡು ದಿನವಿರುವಾಗ ಅವಳು ಅದನ್ನು ತೊಟ್ಟು ಬೆಂಕಿ ಎಸೆಯಲು ಹೋದಳು. ಕೈ ಎದೆಯ ಮಟ್ಟ ದಾಟಲಿಲ್ಲ. ಜೀವನವಿಡೀ ಬ್ಲೌಸು ಹೊಲಿದ ನಾನು ಇದರ ಕಂಕುಳನ್ನೂ ಬ್ಲೌಸಿನಷ್ಟೇ ಬಿಗಿಯಾಗಿ ಕತ್ತರಿಸಿಬಿಟ್ಟಿದ್ದೆ. ತಪ್ಪು ನನ್ನದು, ಅತ್ತವಳು ಅವಳು.

ಮಗಳನ್ನು ಕರೆಯಲು ಬಂದ ಅಪ್ಪ ಬಾಗಿಲಲ್ಲೇ ನಿಂತರು. ಮಂತ್ರ ಹಾಕುವವರಿಗೆ ಬಟ್ಟೆ ಹೊಲಿಯಲೂ ಕಾಲೇಜು ಬೇಕೇ ಎಂದು ವಾರವೆಲ್ಲ ಹಾಸ್ಯ ಮಾಡಿದ್ದವರು ಈಗ ನಗಲಿಲ್ಲ. ಕೋಟು ತೆಗೆಸಿ, ಉಳಿದಿದ್ದ ಕಂಬಳಿಯನ್ನು ಎತ್ತಿಕೊಂಡು, ಒಂದು ಮೂಲೆ ಒಳಕ್ಕೆ ಮಡಿಸಿ, ಮಳೆಯಲ್ಲಿ ಕುರಿ ಕಾಯುವವರು ಹಾಕಿಕೊಳ್ಳುವ ಕೊಪ್ಪೆಯಂತೆ ಮಗಳ ತಲೆಯಿಂದ ಬೆನ್ನಿಗೆ ಇಳಿಬಿಟ್ಟರು.

“ನಮ್ಮಪ್ಪ ಹಿಂಗೇ ಹಾಕ್ಕೊಂಡು ಮಳೇಲಿ ಕಾಯಿ ಹೊರ್ತಿದ್ದಿದ್ದು. ಈಗ ಎತ್ತವ್ವ ಕೈಯ.”

ಎತ್ತಿದಳು. ಎರಡೂ ಕೈ ಸಲೀಸಾಗಿ ತಲೆಯ ಮೇಲೆ ಹೋದವು. ನಾನು ಕೋಟಿನ ತೋಳುಗಳನ್ನು ಬಿಚ್ಚಿ, ಅಂಗೈ, ಬೆರಳು ಹೊರಗಿರುವಂತೆ ಮೊಣಕೈವರೆಗಿನ ಗವಸು ಮಾಡಿಕೊಟ್ಟೆ.

ಸೀಟು ಸಿಕ್ಕಿತು. ಇಂಟರ್‌ವ್ಯೂನಲ್ಲಿ ಈ ಐಡಿಯಾ ಯಾರದೆಂದು ಕೇಳಿದ್ದಕ್ಕೆ ನಮ್ಮ ತಾತನದು ಅಂದಳಂತೆ. ಅವಳಪ್ಪ ಇದನ್ನು ನನಗೆ ಎರಡು ಸಲ ಹೇಳಿದರು.

ಅವಳನ್ನು ಕೊನೆಯ ಸಲ ನೋಡಿದ್ದು ಜಂಕ್ಷನ್ನಿನಲ್ಲಿ, ಕಾಲೇಜಿಗೆ ಸೇರಲು ಹೊರಟ ದಿನ. ರೈಲು ಕದಲಿದ ಮೇಲೆ, ನೀರಿನ ಮಂತ್ರ ಹಾಕುವವಳಿಗೆ ಏನು ತೊಡಿಸಲಿ ಎಂದು ಕಿಟಕಿಯಿಂದ ಕೇಳಿದಳು. ನಾನಿನ್ನೂ ಯೋಚಿಸುತ್ತಿದ್ದೆ. ಅವಳಪ್ಪ ರೈಲಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಟಾರ್ಪಾಲು, ಟಾರ್ಪಾಲು ಎಂದು ಕೂಗಿದರು. ಅವಳು ತಲೆ ತಗ್ಗಿಸಿ ಅದನ್ನು ಬರೆದುಕೊಳ್ಳುತ್ತಿದ್ದುದು ಕಂಡಿತು.